ಬೇಯದೆ ಉಳಿದ ಸೇಬಿನ ಹೋಳು

ದೊಡ್ಡಬಳ್ಳಾಪುರ
೧೪ ಸೆಪ್ಟೆಂಬರ್ ೨೦೨೪, ಶನಿವಾರ

ತಂಗಿ ಗಂಗರತ್ನಳಿಗೆ ಅಕ್ಕ ಅಂಜನಮ್ಮನ ಆಶೀರ್ವಾದ.

ನಾಲ್ಕು ವರ್ಷ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಅದನ್ನು ತಪ್ಪೆನ್ನುವ ಬಾಯಿ ನನಗಿಲ್ಲ. ಅಮ್ಮನ ಹನ್ನೊಂದನೆಯ ದಿನ, ನೆಂಟರೆಲ್ಲ ಎಲೆಯ ಮುಂದೆ ಕೂತಿದ್ದಾಗ, "ನಿನ್ ಕೈಯಾರೆ ಅಮ್ಮನ್ನ ಸಾಯಿಸ್ಬಿಟ್ಯಲ್ಲೇ" ಎಂದವಳು ನಾನು. ನೀನು ಎದ್ದು ಹೋದೆ. ವಿಜಯಪುರದಲ್ಲಿ ಚೆನ್ನಾಗಿದ್ದೀಯೆಂದು ಬೈರಣ್ಣ ಮಾವನಿಂದ ಆಗಾಗ ತಿಳಿಯುತ್ತದೆ, ಅಷ್ಟೇ.

ಜೂನ್ ತಿಂಗಳಲ್ಲಿ ನಿನ್ನ ಭಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ಒಂದೆರಡು ಉಳಿದಿದೆ. ಎಲ್ಲಕ್ಕಿಂತ ಕಷ್ಟವೆಂದರೆ ನುಂಗುವುದು. ಒಂದು ಗುಟುಕು ನೀರು ಕೂಡ ನೆತ್ತಿಗೇರುತ್ತಿತ್ತು. ಮೂಗಿನಲ್ಲಿ ನಳಿಗೆ ಹಾಕಿ ಎರಡು ತಿಂಗಳು ಅದರಲ್ಲೇ ಊಟ. ಆಗಸ್ಟ್‌ನಲ್ಲಿ ನಳಿಗೆ ತೆಗೆದು, ಗಂಟಿಲ್ಲದ ಮೆತ್ತನೆಯ ಪದಾರ್ಥ ಮಾತ್ರ ಕೊಡಿ ಎಂದರು ಡಾಕ್ಟರು.

ಸೊಸೆ ನವ್ಯಶ್ರೀ ದಾಬಸ್‌ಪೇಟೆಯ ಫ್ಯಾಕ್ಟರಿಗೆ ಹೋಗುವವಳು. ಅವಳ ಮದುವೆಗೆ ಜೊತೆಯವರು ಕೊಟ್ಟಿದ್ದ, ಕರೆಂಟಿನಲ್ಲಿ ನಿಧಾನಕ್ಕೆ ಬೇಯಿಸುವ ಸ್ಲೋ ಕುಕ್ಕರ್ ಅಟ್ಟದ ಮೇಲೆ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಇಳಿಸಿದಳು. "ವಿಷಲ್ ಬರಲ್ಲ ಅಂದ್ರೆ ಅದ್ಯಾವ ಸೀಮೆ ಕುಕ್ಕರೇ?" ಎಂದು ನಾನು ನಕ್ಕೆ. ಸೇಬಿನ ಸಿಪ್ಪೆ, ಬೀಜ ತೆಗೆದು, ಹೋಳು ಮಾಡಿ, ಅರ್ಧ ಲೋಟ ನೀರು, ಒಂದು ಚೂರು ಚಕ್ಕೆ ಹಾಕಿ ಬೆಳಗ್ಗೆ ಎಂಟಕ್ಕೆ ಸಣ್ಣ ಕಾವಿಗಿಟ್ಟು ಬಸ್ಸಿಗೆ ಹೋಗುವಳು. ಎರಡು ಗಂಟೆಯ ಹೊತ್ತಿಗೆ ಹಣ್ಣು ಬೆಣ್ಣೆಯಂತಾಗಿರುತ್ತದೆ. ಚಕ್ಕೆ ತೆಗೆದು, ಮಸೆದು, ಜರಡಿಯಲ್ಲಿ ಸೋಸಿ ತಿನ್ನಿಸುವುದು ನನ್ನ ಕೆಲಸ. ಆಪಲ್ ಸಾಸ್ ಅಂತೆ ಅದರ ಹೆಸರು. ಮೊದಲ ಚಮಚ ನುಂಗಿದ ದಿನ ನಿನ್ನ ಭಾವ ಕಣ್ಣು ಮುಚ್ಚಿಕೊಂಡು, "ಇನ್ನೊಂದು" ಎಂದರು. ಎರಡು ತಿಂಗಳ ಮೇಲೆ ಕೇಳಿದ ಮಾತು ಕಣೇ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಕಳೆದ ವಾರ, ಬುಧವಾರ, ಹತ್ತೂವರೆಗೆ ಕರೆಂಟ್ ಹೋಯಿತು. ಮಗ ಮುನಿಕೃಷ್ಣನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆಹಾ, ಎಷ್ಟು ಹಾಯಾಗಿದೆ ಎಂದುಕೊಂಡು ಬೆಳ್ಳುಳ್ಳಿ ಸುಲಿಯುತ್ತಾ ಕೂತೆ. ಒಂದು ಗಂಟೆಗೆ ಮಗ್ಗಗಳು ಮತ್ತೆ ಓಡಿದವು. ಮಗ್ಗ ನಿಂತರೆ ಕುಕ್ಕರೂ ನಿಂತಿರುತ್ತದೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಎರಡಕ್ಕೆ ಅವರು ಹಸಿವೆಂದು ಕೈಸನ್ನೆ ಮಾಡಿದರು. ಮುಚ್ಚಳ ತೆಗೆದೆ, ಒಳ್ಳೆಯ ವಾಸನೆ. ಸೌಟಿನಲ್ಲಿ ಒತ್ತಿದೆ, ಮೆತ್ತಗಿತ್ತು. ಜರಡಿ ತೊಳೆಯದೆ ಬಿದ್ದಿತ್ತು. ಒಂದು ದಿನ ಸೋಸದಿದ್ದರೆ ಏನಾದೀತು ಎಂದು ಹಾಗೇ ಬಟ್ಟಲಿಗೆ ಹಾಕಿಕೊಂಡು ಬಂದೆ. ಮೂರನೆಯ ಚಮಚ ಬಾಯಿಗಿಟ್ಟದ್ದಷ್ಟೇ. ಕೆಮ್ಮಲೂ ಇಲ್ಲ ಗಂಗಾ. ಸದ್ದೇ ಇಲ್ಲ. ಬಾಯಿ ತೆರೆದೇ ಇತ್ತು, ಕಣ್ಣುಗಳು ನನ್ನ ಮೇಲೆ ನೆಟ್ಟಿದ್ದವು, ತುಟಿ ನೀಲಿಯಾಗುತ್ತಾ ಬಂತು. ಕೈಯಲ್ಲಿ ಚಮಚ ಹಿಡಿದು ಕಲ್ಲಿನಂತೆ ನಿಂತೆ. ಕೂಗಿದೆನಂತೆ, ನನಗೆ ನೆನಪಿಲ್ಲ. ಮುನಿಕೃಷ್ಣ ಓಡಿ ಬಂದು ಅಪ್ಪನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದ, ಒಂದು, ಎರಡು, ಐದು. ಬೇಯದೆ ಉಳಿದ ಒಂದು ಹೋಳು ನೆಲಕ್ಕೆ ಬಿತ್ತು. ಹೆಬ್ಬೆರಳಿನ ಉಗುರಿನಷ್ಟು.

ನಾಲ್ಕು ದಿನ ಆಸ್ಪತ್ರೆ. ಎದೆಗೆ ಕಫ ಇಳಿದಿತ್ತು. ಈಗ ಮನೆಗೆ ಬಂದಿದ್ದಾರೆ, ಗೆದ್ದುಕೊಂಡರು.

ಆದರೆ ನನಗೆ ಸಿಡಿಲು ಬಡಿದಂತಾದದ್ದು ಆಮೇಲೆ. ಯಾರಾದರೂ ಬೈಯುತ್ತಾರೆಂದು ಕಾದೆ. ಮುನಿಕೃಷ್ಣ, "ಕರೆಂಟ್ ಹೋಗಿತ್ತಲ್ಲಮ್ಮ, ನೀನೇನ್ ಮಾಡ್ತೀಯಾ?" ಎಂದ. ಜರಡಿಯ ವಿಷಯ ನಾನೇ ಬಾಯಿಬಿಟ್ಟೆ. ನವ್ಯಶ್ರೀ, "ಇನ್ಮೇಲೆ ಸೋಸೋಣ ಅತ್ತೆ" ಎಂದಳು. ಅವರು ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಗ್ಗೆ ಮತ್ತೆ ಸೇಬು ಹೆಚ್ಚಿಟ್ಟಳು. ಮಧ್ಯಾಹ್ನ ನಾನು ತಿನ್ನಿಸಲಾರೆನೆಂದು ಬಾಗಿಲಲ್ಲೇ ನಿಂತರೆ ನಿನ್ನ ಭಾವ ಎಡಗೈಯಿಂದ ಕರೆದು, "ನೀನೇ" ಎಂದರು. ನನ್ನ ಕೈಯಿಂದಲೇ ತಿಂದರು.

ಈ ಮನೆಯಲ್ಲಿ ನನಗೆ ಸಿಕ್ಕಿದ್ದನ್ನು ಅಂದು ನಿನಗೆ ನಾನು ಕೊಡಲಿಲ್ಲ. ನೀನು ಕುಡಿಸುತ್ತಿದ್ದ ಗಂಜಿ ನೆತ್ತಿಗೇರಿ ಅಮ್ಮ ಹೋದಾಗ, ಆ ಚಮಚ ಹಿಡಿದು ನಿಂತ ಗಳಿಗೆಯಲ್ಲಿ ನಿನ್ನ ಮುಖ ಹೇಗಿತ್ತೆಂದು ನನಗೆ ಈಗ ಗೊತ್ತು.

ಮಕ್ಕಳಿಗೆ ದೊಡ್ಡಮ್ಮನ ಆಶೀರ್ವಾದ ತಿಳಿಸು. ನಿನ್ನ ಹೊಟ್ಟೆ ತಣ್ಣಗಿರಲಿ. ಬಾ ಎನ್ನುವ ಹಕ್ಕು ನನಗಿಲ್ಲ, ಆದರೂ ಬಾ.

ನಿನ್ನ ಅಕ್ಕ,
ಅಂಜನಮ್ಮ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತೂ ಬರೆಯಲು ಕೈ ಬರಲಿಲ್ಲ. ಅಮ್ಮ ಹೋದ ದಿನ ನೀನು ಬಸ್ಸಿಳಿದು ಬರುವ ಮುಂಚೆ, ಬೆಳಗ್ಗೆ, ಅಮ್ಮನನ್ನು ಎಬ್ಬಿಸಿ ಕೂರಿಸಲು ಬೇಸರವಾಗಿ ಮಲಗಿದ ಹಾಗೇ ಕಾಫಿ ಹಾಕಿದ್ದೆ. ನೆತ್ತಿಗೇರಿ, ಆಗಿನಿಂದಲೇ ಗಂಟಲು ಗೊರಗೊರ ಎನ್ನುತ್ತಿತ್ತು. ಯಾರಿಗೂ ಹೇಳಲಿಲ್ಲ. ನೀನು ಚಪ್ಪಲಿ ಬಿಡುವಷ್ಟರಲ್ಲಿ, "ಅಮ್ಮ ಏನೂ ತಿಂದಿಲ್ಲ, ಬೇಗ ಕುಡ್ಸು" ಎಂದು ಗಂಜಿಯ ಬಟ್ಟಲನ್ನು ನಿನ್ನ ಕೈಗಿಟ್ಟವಳು ನಾನೇ.