ಎಡದ ಟ್ಯಾಂಕ್

ಮನೆಯಿಂದ,
ಗುರುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನಲ್ಲಿ ಊಟ, ನಿದ್ದೆ ಸರಿಯಾಗುತ್ತಿದೆಯೇ? ಬೆನ್ನುನೋವು ಇಳಿಯಿತೇ? ಅತ್ತಿಗೆ ಚೆನ್ನಾಗಿದ್ದಾರೆ. ನಿನ್ನ ಮಗಳು ಪುಟ್ಟಿಯ ಮುಂದಿನ ಹಲ್ಲು ಬಿದ್ದಿದೆ. ನಿನಗೇ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಜೋಪಾನ ಮಾಡಿದ್ದಾಳೆ.

ಹೋದ ಭಾನುವಾರ ಅಪ್ಪ ತಮ್ಮ ಪುಟ್ಟ ವಿಮಾನದಲ್ಲಿ ನನ್ನನ್ನು ಸುತ್ತಾಡಿಸಲು ಕರೆದೊಯ್ದರು. ಆ ವಿಮಾನದ ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ, ನಿನಗೆ ಗೊತ್ತಲ್ಲ. ಹೊರಡುವ ಮುಂಚೆ ಎರಡು ರೆಕ್ಕೆಗಳ ಟ್ಯಾಂಕಿಗೂ ಕೋಲು ಇಳಿಸಿ ಪೆಟ್ರೋಲ್ ಅಳೆದು, "ಎಡಗಡೆ ಸ್ವಲ್ಪಾನೇ ಇದೆ, ಬಲಗಡೆ ತುಂಬಿದೆ. ಅರ್ಧ ದಾರೀಲಿ ಹಿಡಿಕೇನ ಬಲದ ಟ್ಯಾಂಕಿಗೆ ತಿರುಗಿಸ್ಕೊಂಡ್ರಾಯ್ತು" ಎಂದರು. ಮೇಲೇರಿದ ಮೇಲೆ ನಿನ್ನ ಚಿಕ್ಕಂದಿನ ತರಲೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ನಗುವಿನಲ್ಲಿ ಟ್ಯಾಂಕಿನ ಮಾತು ಮರೆತೇ ಹೋಯಿತು. ವಾಪಸು ಬರುವಾಗ, ರನ್‌ವೇ ಇನ್ನೇನು ಸಿಕ್ಕಿತೆನ್ನುವಾಗ, ಎಂಜಿನ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಅಣ್ಣಾ, ಆ ಮೌನ! ಅಪ್ಪ ಪಂಪ್ ಒತ್ತಿದರು, ಸ್ಟಾರ್ಟರ್ ತಿರುಗಿಸಿದರು, "ಹಾಳು ಎಂಜಿನ್, ಈಗಲೇ ಕೈಕೊಡ್ಬೇಕಾ!" ಎಂದು ಬೈದರು. ಅವರ ಕೈ ಎಲ್ಲ ಕಡೆ ಹೋಯಿತು, ಟ್ಯಾಂಕ್ ಬದಲಿಸುವ ಹಿಡಿಕೆಯೊಂದನ್ನು ಬಿಟ್ಟು. ಕೆಳಗೆ ಮನೆಗಳ ಮಹಡಿಯ ಮೇಲೆ ಒಣಹಾಕಿದ ಬಟ್ಟೆಗಳೂ ಕಾಣುತ್ತಿದ್ದವು. "ಅಪ್ಪಾ, ಟ್ಯಾಂಕು!" ಎಂದು ಕಿರುಚಿದೆ. ಅವರಿಗೆ ಕೇಳಿಸಲೇ ಇಲ್ಲ. ಬಗ್ಗಿ ನಾನೇ ತಿರುಗಿಸಿದೆ. ಎಂಜಿನ್ ಮತ್ತೆ ಸದ್ದು ಮಾಡುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಬೇಲಿಯನ್ನು ಸವರಿಕೊಂಡೇ ಇಳಿದೆವು.

ಇಳಿದವರೇ ಮೆಕ್ಯಾನಿಕ್‌ಗೆ, "ಎಂಜಿನ್ ನಿಂತೋಗಿತ್ತು ಕಣಯ್ಯಾ, ಹೇಗೋ ಸಂಭಾಳಿಸ್ದೆ" ಎಂದರು. ಆತ ಎಲ್ಲ ಬಿಚ್ಚಿ ನೋಡಿದ. ಏನೂ ಕೆಟ್ಟಿರಲಿಲ್ಲ, ಎಡದ ಟ್ಯಾಂಕ್ ಮಾತ್ರ ಒಣಗಿತ್ತು. ಮನೆಯಲ್ಲಿ ನಾನು ಬಾಯಿಬಿಟ್ಟು ಹೇಳಿದರೆ, "ನನಗೇ ಪಾಠ ಹೇಳ್ತೀಯಾ?" ಎಂದು ಎದ್ದುಹೋದರು. ಆದರೆ ಊಟಕ್ಕೆ ಕೂತಾಗ ಅನ್ನಕ್ಕೆ ಎರಡೆರಡು ಸಲ ಉಪ್ಪು ಹಾಕಿಕೊಂಡರು.

ಅಲ್ಲಿ ಚಳಿ ಜಾಸ್ತಿ ಎಂದಿದ್ದೆಯಲ್ಲ, ಕಿವಿ ಮುಚ್ಚಿಕೊಂಡು ಓಡಾಡು. ಎಲ್ಲರ ನೆನಪೂ ನಿನ್ನ ಜೊತೆಗಿದೆ.

ನಿನ್ನ ತಂಗಿ,
ಗುಬ್ಬಿ

ಇನ್ನೊಂದು ಮಾತು: ಈ ಭಾನುವಾರ ಅಪ್ಪ ಪುಟ್ಟಿಯನ್ನು ವಿಮಾನದಲ್ಲಿ ಸುತ್ತಾಡಿಸುತ್ತಾರಂತೆ. ಮಾವನೆದುರು ಬೇಡವೆನ್ನಲು ಅತ್ತಿಗೆಗೆ ಬಾಯಿ ಬರುತ್ತಿಲ್ಲ. ಈ ಕಾಗದ ನಿನ್ನ ಕೈಸೇರುವುದರೊಳಗೆ ಭಾನುವಾರ ಕಳೆದಿರುತ್ತದೆ, ಅದಕ್ಕೇ ವಿಮಾನದ ಕೀ ನಾನೇ ತೆಗೆದಿಟ್ಟುಕೊಂಡೆ. ಈಗತಾನೆ ಅಪ್ಪ ಬಂದು "ಕೀ ಕೊಡು" ಎಂದರು. "ಕೊಡಲ್ಲಪ್ಪಾ" ಎಂದೆ. ಬೈಯಲಿಲ್ಲ, ಹೋಗಲೂ ಇಲ್ಲ. ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು: "ಅವತ್ತು ನಿಂಗೂ ಭಯ ಆಯ್ತಾ?"