ಮೂವತ್ತೊಂದು ದಿನ ತಡ

ಜೂನ್ ೩, ಮಂಗಳವಾರ, ಬೆಳಿಗ್ಗೆ ೧೧

ಇವತ್ತೂ ಹನ್ನೊಂದು ಫೈಲು ವಾಪಸ್. ಅಪ್ಪ ಹೋಗಿ ಇಪ್ಪತ್ತೆರಡು ದಿನ. ಕಕ್ಷಿದಾರರು ಬರುತ್ತಾರೆ, ಖಾಲಿ ಕುರ್ಚಿ ನೋಡುತ್ತಾರೆ, “ಅಂಥ ಲಾಯರು ಇನ್ನು ಹುಟ್ಟಲ್ಲಮ್ಮ” ಎನ್ನುತ್ತಾರೆ, ಸಹಿ ಹಾಕಿ ಫೈಲು ಒಯ್ಯುತ್ತಾರೆ. ಒಂಬತ್ತು ವರ್ಷದಿಂದ ಇದೇ ಆಫೀಸಿನಲ್ಲಿ ನಾನೂ ಲಾಯರೇ. ಯಾರ ಕಣ್ಣಿಗೂ ಬಿದ್ದಂತಿಲ್ಲ. ಸಾಕಾಗಿದೆ.

ನಾಡಿದ್ದು ವಕೀಲರ ಸಂಘದಲ್ಲಿ ಶ್ರದ್ಧಾಂಜಲಿ. ಅಧ್ಯಕ್ಷರ ಫೋನು. “ನಲವತ್ತು ವರ್ಷದಲ್ಲಿ ಒಂದೇ ಒಂದು ಡೇಟೂ ತಪ್ಪಿಸಿದವರಲ್ಲ ಅಂತೀನಿ. ಸರಿ ತಾನೇ?” ಸರಿ ಎಂದೆ.

ಅದೇ ದಿನ, ಸಂಜೆ

ಸರಿಯಲ್ಲ.

ಟೈಲರಮ್ಮನ ಫೈಲು. ಬಾಡಿಗೆ ಅಂಗಡಿ ಖಾಲಿ ಮಾಡಬೇಕೆಂದು ಕೆಳಗಿನ ಕೋರ್ಟಿನ ತೀರ್ಪು. ಅಪ್ಪ ಮೇಲ್ಮನವಿ ಬರೆದಿದ್ದಾರೆ, ಆಕೆಯ ಸಹಿಯನ್ನೂ ಹಾಕಿಸಿದ್ದಾರೆ... ಸಲ್ಲಿಸಿಲ್ಲ. ಕಡೇ ದಿನ ಮೇ ೬. ಆಗ ಅಮ್ಮನ ಮಂಡಿ ಆಪರೇಷನ್ ಆಗಿತ್ತು, ಅಪ್ಪ ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ. ಅವಳನ್ನು ಮನೆಗೆ ಕರೆತಂದ ಮರುದಿನವೇ ಎದೆನೋವು, ಅಷ್ಟೇ.

ನಮ್ಮ ಆಫೀಸಿನ ಟೈಪಿಸ್ಟ್ ಚಿಕ್ಕಪ್ಪನಿಗೆ ತೋರಿಸಿದೆ. “ಅಯ್ಯೋ, ಇದಕ್ಯಾಕಮ್ಮ ತಲೆಬಿಸಿ? ತಡ ಮನ್ನಾ ಅರ್ಜಿಗೆ ನನ್ಹತ್ರ ರೆಡಿ ಪ್ಯಾರಾ ಇದೆ. ಕಕ್ಷಿದಾರರಿಗೆ ಕಾಮಾಲೆ! ಅರ್ಧ ಊರಿಗೆ ನಾನೇ ಕಾಮಾಲೆ ಬರಿಸಿದೀನಿ.”

ಅಂಗಡಿಯ ಮಾಲೀಕ ಇರುವುದು ಅದರ ಮೇಲಿನ ಮನೆಯಲ್ಲೇ. ಆಕೆ ಒಂದು ದಿನವೂ ಮಿಷನ್ ನಿಲ್ಲಿಸಿಲ್ಲ ಎಂದು ಅವನೇ ಬಂದು ಹೇಳಿಯಾನು. ಸುಳ್ಳು ಸಿಕ್ಕಿಬಿದ್ದರೆ ಅಂಗಡಿ ಹೋಯಿತು. ನಿಜ ಬರೆದರೆ ಅಪ್ಪನ ಹೆಸರು.

ಜೂನ್ ೪

ಅಮ್ಮ ವಾಕರ್ ಹಿಡಿದು ಆಫೀಸಿಗೇ ಬಂದಳು. “ಏನೇ ಅದು, ನಿನ್ನೆಯಿಂದ ಮುಖ ಗಂಟು ಹಾಕ್ಕೊಂಡಿದೀಯ?” ಮುಚ್ಚಿಟ್ಟೆ. ಫೈಲು ಕಿತ್ತುಕೊಂಡಳು. ತಾರೀಖು ನೋಡಿ ಕುಸಿದು ಕೂತಳು.

“ಅವತ್ತು ನನ್ನ ಪಕ್ಕ ಕೂತು ಕಿತ್ತಳೆ ಸುಲೀತಿದ್ರು ಕಣೆ. ಕೋರ್ಟಿಲ್ವಾ ಅಂದೆ. ಏನೂ ಇಲ್ಲ, ನೀನು ತಿನ್ನು ಅಂದ್ರು.”

ಫೈಲು ಮುಚ್ಚಿ ನನ್ನ ಕೈಗಿಟ್ಟಳು. ಆಮೇಲೆ— “ಹಾಗೇ ಬರಿ. ಅಫಿಡವಿಟ್ಟಿಗೆ ನಾನು ಸಹಿ ಹಾಕ್ತೀನಿ.”

“ಅಪ್ಪನ ಹೆಸರು?”

“ಅವರ ಹೆಸರು ಉಳಿಸೋಕೆ ಆ ಹೆಂಗಸು ಬೀದಿಗೆ ಬೀಳ್ಬೇಕಾ? ಅವರಿದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ರು.”

ಜೂನ್ ೫

ಅಧ್ಯಕ್ಷರು ಹೇಳಿಯೇಬಿಟ್ಟರು, ಒಂದೇ ಒಂದು ಡೇಟೂ ತಪ್ಪಿಸಿದವರಲ್ಲ ಎಂದು. ಚಪ್ಪಾಳೆ. ಎದ್ದು ನಿಂತೆ. “ಒಂದು ಡೇಟ್ ತಪ್ಪಿದೆ. ನಾಳೆ ಅರ್ಜಿ ಹಾಕ್ತಿದೀನಿ” ಎಂದೆ.

ಜೂನ್ ೧೯, ಮಧ್ಯಾಹ್ನ

ತಡ ಮನ್ನಾ ಆಯಿತು. ಮೇಲ್ಮನವಿ ದಾಖಲು, ಅಂಗಡಿಗೆ ತಡೆಯಾಜ್ಞೆ. ಟೈಲರಮ್ಮ ಫೈಲು ಒಯ್ಯಲಿಲ್ಲ. “ನೀವೇ ನಡೆಸಿ” ಎಂದರು. ಖುಷಿಪಡಲೂ ತ್ರಾಣವಿಲ್ಲ.

ಅಮ್ಮ ಬಾಗಿಲಲ್ಲೇ ಕಾದಿದ್ದಳು. “ಜಡ್ಜ್ ಓದಿದ್ರಾ? ಗಟ್ಟಿಯಾಗಿ? ಏನಂತ?”

ಆದೇಶದ ಆ ಸಾಲನ್ನು ಓದಿ ತೋರಿಸಿದೆ. ‘ವಕೀಲರು ಪತ್ನಿಯ ಆರೈಕೆಯಲ್ಲಿ ತೊಡಗಿದ್ದು, ಕೋರ್ಟಿನ ದಿನಾಂಕವನ್ನು ಮರೆತಿದ್ದರು.’

“ಮೂವತ್ತೆಂಟು ವರ್ಷ ಕೋರ್ಟೇ ನನ್ನ ಸವತಿ ಅಂತ ಹಂಗಿಸ್ದೆ ಕಣೆ ಅವರನ್ನ... ಇನ್ನೊಂದ್ಸಲ ಓದು.”

ಓದಿದೆ. ಮತ್ತೆ ಓದು ಎಂದಳು. ಮೂರನೇ ಸಲ ‘ಪತ್ನಿಯ’ ಎನ್ನುವವರೆಗೆ ಬಂತು. ಆಮೇಲೆ ನನ್ನ ಕೈಲಿ ಓದಲಾಗಲಿಲ್ಲ, ಹಾಳೆಯನ್ನು ಅಮ್ಮನ ಕೈಗೇ ಕೊಟ್ಟೆ.