ಉಡಿಗೆ ಬಿದ್ದ ಬಿಸ್ಕತ್ತು

ಮಸೂತಿ
ನವೆಂಬರ್ ೨೦೦೬

ಹರ್ಜೀತ್ ಮೇಡಂ ಅವರಿಗೆ ಶರಣು.

ಇದನ್ನು ಕನ್ನಡ ಬಲ್ಲವರಿಂದ ಓದಿಸಿಕೊಳ್ಳಿರಿ.

ಯುದ್ಧ ಶುರುವಾಗಿದೆ, ಬೈರೂತ್ ಬಿಡಿರೆಂದು ರಾಯಭಾರ ಕಚೇರಿಯಿಂದ ನೀವು ಮತ್ತೆ ಮತ್ತೆ ಫೋನ್ ಮಾಡಿದಿರಿ. ಬಸುರಿ ನಾನು, ಹಡಗು ಹತ್ತುವುದಿಲ್ಲವೆಂದು ಹಟ ಹಿಡಿದೆ. ಕಡೆಗೆ ನೀವೇ ಮನೆಗೆ ಬಂದು ಬೈದು ಕರೆದೊಯ್ದಿರಿ.

ನಮ್ಮಲ್ಲಿ ತವರಿನಿಂದ ಹೊರಟವಳ ಉಡಿಗೆ ಅಕ್ಕಿ, ಕೊಬ್ಬರಿ ಹಾಕಿ ಕಳಿಸುತ್ತಾರೆ. ಬಂದರಿನಲ್ಲಿ ರೂಢಿಯಂತೆ ನಿಮ್ಮೆದುರು ಸೆರಗೊಡ್ಡಿದೆ. ನನಗೆ ಹಸಿವೆಂದು ತಿಳಿದು ನೀವು ತಿನ್ನುತ್ತಿದ್ದ ಬಿಸ್ಕತ್ತಿನ ಪೊಟ್ಟಣವನ್ನೇ ಹಾಕಿಬಿಟ್ಟಿರಿ.

“ಹೊಳ್ಳಿ ಕೊಡು, ಅವರೂ ಉಂಡಿಲ್ಲ” ಎಂದರು ನಮ್ಮ ಯಜಮಾನರು.

“ಉಡಿಗೆ ಬಿದ್ದದ್ದು ಹೊಳ್ಳಿ ಕೊಡಾಂಗಿಲ್ರಿ” ಎಂದೆ.

ಮಗಳು ಹುಟ್ಟಿದ್ದಾಳೆ, ಆರಾಮ ಇದ್ದಾಳೆ. ಅಂದು ಹಡಗು ಹೊರಟಾಗ ನೀವು ದಂಡೆಯಲ್ಲೇ ಉಳಿದಿರಿ, ಬರಿಗೈಯಲ್ಲಿ. ರಜೆ ಸಿಕ್ಕರೆ ಬನ್ನಿರಿ, ನಿಮ್ಮ ಉಡಿ ತುಂಬಬೇಕು.

ನಿಮ್ಮ ತವರಿನವಳು,
ಸುನಂದಾ